ಎಲಚಿ ಮರದ ಕಬ್ಬಕ್ಕಿ

14 ಜುಲೈ 2024, ಭಾನುವಾರ ರಾತ್ರಿ

ಮಧ್ಯಾಹ್ನ ಊಟ ಆದ ಮೇಲೆ ಅಮ್ಮನಿಗೆ ಜೈನುದ್ದೀನನ ಕರಿತಲೆ ಕಬ್ಬಕ್ಕಿ ತೋರಿಸಿದೆ. ಪಾಟ್ನಾದ ಶೇಖ್ ಜೈನುದ್ದೀನ್ ಹದಿನೆಂಟನೇ ಶತಮಾನದಲ್ಲಿ ಕಲ್ಕತ್ತಾದಲ್ಲಿ ಬರೆದದ್ದು. ಚಿತ್ರ ಈಗ ಅಮೆರಿಕದ ಮಿನಿಯಾಪೊಲಿಸ್ ಮ್ಯೂಸಿಯಂನಲ್ಲಿದೆ. ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಹಾಗೆ ಕಪ್ಪು ಜುಟ್ಟು, ಕೆಳಗೆ ತಿಳಿ ಕಂದು ಎದೆ. ಅಮ್ಮ ಕನ್ನಡಕ ಏರಿಸಿಕೊಂಡು ಫೋನನ್ನು ಮೂಗಿನ ಹತ್ತಿರ ಹಿಡಿದಳು.

“ಇದು ಎಲಚಿ ಮರ ಅಲ್ವೇನೇ?”

ಹಕ್ಕಿಯ ಮಾತೇ ಇಲ್ಲ! ಹೌದು, ಎಲಚಿಯೇ. ಅದೇ ಕೊಂಬೆಯಲ್ಲಿ ಟಸರ್ ರೇಷ್ಮೆಯ ಹುಳು, ಗೂಡು, ಎರಡು ಚಿಟ್ಟೆ. ಟಸರ್ ಹುಳು ಎಲಚಿ ಎಲೆ ತಿನ್ನುತ್ತದೆ. ಅಂದ ಹೆಚ್ಚಲಿ ಅಂತ ಸುಮ್ನೆ ತಂದು ಕೂರಿಸಿದ್ದಲ್ಲ.

ಆಮೇಲೆ ಕೇಳಿದಳು, “ಹಕ್ಕಿ ಅಷ್ಟು ಹೊತ್ತು ಅಲುಗಾಡದೆ ಕೂತಿತ್ತಾ?”

ಚಿತ್ರ ಬರೆಸಿದ ಇಂಪೇ ದಂಪತಿಯ ಕಥೆ ಹೇಳಿದೆ. ಗಂಡ ಎಲೈಜಾ ಆಗಿನ ಕಲ್ಕತ್ತಾ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ. ಹೆಂಡತಿ ಮೇರಿ ಮನೆಯಲ್ಲೇ ಹಕ್ಕಿ, ಪ್ರಾಣಿ ಸಾಕಿಕೊಂಡಿದ್ದಳು. 1777ರಿಂದ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಅವಳಿಗಾಗಿ 300ಕ್ಕೂ ಜಾಸ್ತಿ ಚಿತ್ರ ಬರೆದರು. ಅರ್ಧಕ್ಕಿಂತ ಹೆಚ್ಚು ಹಕ್ಕಿಗಳೇ. ಕಾಗದ ಇಂಗ್ಲೆಂಡಿನ ವಾಟ್ಮನ್ ಕಂಪನಿಯದು. ಆದಷ್ಟೂ ಜೀವಂತ ಹಕ್ಕಿ ನೋಡಿಯೇ ಬರೆಯೋದು, ಆದಷ್ಟೂ ಅದರಷ್ಟೇ ದೊಡ್ಡದಾಗಿ.

“ಹಾಗಾದ್ರೆ ಪಂಜರದಲ್ಲಿತ್ತು ಅನ್ನು.” ಅಕ್ಕಿ ನೆನೆಹಾಕಬೇಕು ಅಂತ ಎದ್ದು ಹೋದಳು.

ಆಗಿನಿಂದ ಇದೇ ತಲೆಯಲ್ಲಿ. ಚಿತ್ರದಲ್ಲಿ ಹಕ್ಕಿಯ ಹಿಂದೆಲ್ಲ ಬರೀ ಬಿಳಿ ಹಾಳೆ. ಆಕಾಶ ಇಲ್ಲ, ಕಲ್ಕತ್ತಾ ಇಲ್ಲ, ಪಂಜರದ ಕಂಬಿಯೂ ಇಲ್ಲ. ಕಂಬಿ ಬಿಟ್ಟು ಹಕ್ಕಿಯನ್ನಷ್ಟೇ ಬರೆದರೆ ಅದು ಈಗಷ್ಟೇ ಹಾರಿ ಬಂದು ಕೂತ ಹಾಗೆ ಕಾಣುತ್ತದೆ. ಎಂಥ ಕೈ ಅದು! ಎಂಥ ಮೋಸ ಕೂಡ.

ನಾಳೆ ಆಫೀಸಿನಲ್ಲಿ ರಿವ್ಯೂ. ಸ್ಲೈಡ್ ಅರ್ಧಕ್ಕೇ ನಿಂತಿದೆ. ಇರಲಿ.

ಬ್ರಿಟಿಷ್ ಡಾಕ್ಟರು, ನಮ್ಮ ಬುಕಾನನ್ ನೆನಪಾದ. 1800ರಲ್ಲಿ ಮೈಸೂರು ಸೀಮೆ ಸುತ್ತಿ ಬೆಳೆ, ಮಗ್ಗ, ಕಂದಾಯ ಎಲ್ಲ ಬರೆದಿಟ್ಟವನು. ಅವನನ್ನು ಕಳಿಸಿದ ಗವರ್ನರ್ ಜನರಲ್ ವೆಲ್ಲೆಸ್ಲಿಯೇ ಆಮೇಲೆ ಕಲ್ಕತ್ತಾ ಹತ್ತಿರದ ಬ್ಯಾರಕ್‌ಪುರದಲ್ಲಿ ಪ್ರಾಣಿಗಳನ್ನು ಕೂಡಿಹಾಕಿಸಿ ಅವನ ಉಸ್ತುವಾರಿಗೆ ಕೊಟ್ಟ. ಅಲ್ಲೂ ಹಿಡಿದು ತರೋದು, ಚಿತ್ರ ಬರೆಸೋದು. ಅಲ್ಲಿನ ಎಷ್ಟೋ ಹಾಳೆಗಳಲ್ಲಿ ಬರೆದವರ ಹೆಸರೇ ಇಲ್ಲ. ಆ ಲೆಕ್ಕದಲ್ಲಿ ಮೇರಿ ವಾಸಿ. ಇಂಗ್ಲಿಷ್, ಪರ್ಷಿಯನ್ ಎರಡರಲ್ಲೂ ಜೈನುದ್ದೀನನ ಹೆಸರು ಉಳಿದಿದೆ.

ಮೇರಿಯ ಹೆಸರಂತೂ ಹಕ್ಕಿಗೇ ಅಂಟಿಕೊಂಡಿತು. ಹಿಮಾಲಯದ ಮೊನಾಲ್‌ಗೆ ಲೊಫೊಫೋರಸ್ ಇಂಪೇಯಾನಸ್ ಅಂತ. ಅಷ್ಟು ಚಳಿಯಲ್ಲಿ ಬೆಳೆದ ಹಕ್ಕಿ ಕಲ್ಕತ್ತಾದ ಮೇ ತಿಂಗಳಲ್ಲಿ ಏನು ಮಾಡುತ್ತಿತ್ತೋ. ನೀರಿಡೋಕೆ, ಕಾಳು ಹಾಕೋಕೆ ಆಳುಗಳಿದ್ದಿರಬೇಕು ಅಲ್ವಾ? ಯಾವ ಹಕ್ಕಿ ಯಾವಾಗ ಅಲುಗಾಡದೆ ಕೂರುತ್ತದೆ ಅಂತ ಜೈನುದ್ದೀನನಿಗೆ ಹೇಳಿದವರೂ ಅವರೇ ಇರಬಹುದು. ಅಮ್ಮನಿಗೆ ಇದನ್ನ ಹೇಳಬೇಕಿತ್ತು.