ಗೆದ್ದ ಮೇಲೆ ತಾರೀಖು ತಿದ್ದಿದ ರಾಜ

ಬಾಸ್‌ವರ್ತ್ ಯುದ್ಧ ನಡೆದದ್ದು 1485ರ ಆಗಸ್ಟ್ 22ರಂದು. ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಕಣದಲ್ಲೇ ಸತ್ತ, ಎದುರಾಳಿ ಏಳನೇ ಹೆನ್ರಿ ರಾಜನಾದ, ಟ್ಯೂಡರ್ ವಂಶ ಶುರುವಾಯಿತು. ಆದರೆ ಹೆನ್ರಿ ತನ್ನ ಆಳ್ವಿಕೆಯನ್ನು ಲೆಕ್ಕಕ್ಕೆ ಹಿಡಿಸಿದ್ದು ಆಗಸ್ಟ್ 21ರಿಂದ. ಒಂದೇ ದಿನ ಹಿಂದೆ. ಅಷ್ಟಕ್ಕೇ, ಪಟ್ಟಾಭಿಷೇಕವಾಗಿದ್ದ ರಾಜನ ಪರ ಕತ್ತಿ ಹಿಡಿದವರು ರಾಜದ್ರೋಹಿಗಳಾದರು. ಪ್ರಮುಖರ ಆಸ್ತಿ ಮುಟ್ಟುಗೋಲಾಯಿತು.

ಎಚ್‌ಆರ್ ಕೆಲಸದಲ್ಲಿರುವ ನನಗೆ ಈ ತಾರೀಖಿನ ಆಟ ಹೊಸದಲ್ಲ. ಹಿಂದೆ ನಾನಿದ್ದ ಕಾರ್ಖಾನೆಯೊಂದರಲ್ಲಿ ಅಣ್ಣ ತಮ್ಮ ಯಜಮಾನಿಕೆಗಾಗಿ ವರ್ಷಗಟ್ಟಲೆ ಕಿತ್ತಾಡಿದರು. ಅಣ್ಣ ಎಂಡಿ ಆಗಿದ್ದಾಗ ಅವರು ಹೇಳಿದ ಪೇಮೆಂಟ್‌ಗೆ ಅಕೌಂಟ್ಸ್‌ನವರು ಸಹಿ ಹಾಕಿದ್ದರು. ಕೊನೆಗೆ ಕಂಪನಿ ತಮ್ಮನ ಪಾಲಾಯಿತು. ಆದದ್ದೇ ತಡ, ನನ್ನ ಟೇಬಲ್ಲಿಗೆ ಒಂದು ಪಟ್ಟಿ ಬಂತು: ಇವರಿಗೆಲ್ಲ ಚಾರ್ಜ್‌ಶೀಟ್ ಕೊಡಿ. ಪಟ್ಟಿಯ ಜೊತೆ, ಅಧಿಕಾರ ಹಳೇ ತಾರೀಖಿನಿಂದಲೇ ತಮ್ಮನದಾಗಿತ್ತು ಎನ್ನುವ ಹೊಸ ಬೋರ್ಡ್ ನಿರ್ಣಯ.

"ಸಾರ್, ಇವತ್ತು ನಿಮ್ಮ ಮಾತು ಕೇಳೋರೂ ಈ ಪಟ್ಟಿ ನೋಡ್ತಾರೆ. ನಾಳೆ ನೀವು ಹೇಳಿದ ಚೆಕ್‌ಗೆ ಸಹಿ ಹಾಕೋ ಮುಂಚೆ ವಕೀಲರನ್ನ ಕೇಳ್ತಾರೆ" ಎಂದೆ. ನನ್ನದೇನೂ ಹೊಸ ತರ್ಕವಲ್ಲ. ಕ್ರೋಲೆಂಡ್ ಮಠದ ಚರಿತ್ರೆ ಬರೆದವನೂ ಆಗಲೇ ಇದೇ ಆತಂಕಪಟ್ಟಿದ್ದ: ಹೀಗಾದರೆ ಮುಂದೆ ಯಾವ ರಾಜನ ಬೆನ್ನಿಗೆ ಪ್ರಜೆಗಳು ನಿಂತಾರು? ಹತ್ತು ವರ್ಷ ಕಳೆದು, 1495ರಲ್ಲಿ, ಹೆನ್ರಿಯ ಸಂಸತ್ತೇ ಕಾಯ್ದೆ ತಂದಿತು. ಸಿಂಹಾಸನದಲ್ಲಿ ಯಾರಿದ್ದಾರೋ ಅವರಿಗೆ ಸೇವೆ ಸಲ್ಲಿಸಿದ್ದಕ್ಕಾಗಿ ಮುಂದೆ ಯಾರನ್ನೂ ದ್ರೋಹಿ ಎನ್ನುವಂತಿಲ್ಲ.

ಆ ಕಾಯ್ದೆಯ ಧಾಟಿಯಲ್ಲೇ ನಾನೊಂದು ಆದೇಶದ ಕರಡು ಮಾಡಿದೆ: ಆಗ ಹುದ್ದೆಯಲ್ಲಿದ್ದವರ ಲಿಖಿತ ಸೂಚನೆಯಂತೆ ಮಾಡಿದ ಕೆಲಸಕ್ಕೆ ಶಿಸ್ತುಕ್ರಮವಿಲ್ಲ, ಸ್ವಂತಕ್ಕೆ ದುಡ್ಡು ಮಾಡಿಕೊಂಡವರಿಗೆ ಈ ವಿನಾಯಿತಿ ಇಲ್ಲ. ಪಟ್ಟಿ ಸಾಕಷ್ಟು ಕರಗಿತು.

ಪರ್ಚೇಸ್ ಮ್ಯಾನೇಜರ್ ವಿಷಯ ಮಾತ್ರ ಕಗ್ಗಂಟು. ಅಣ್ಣನ ಬಲಗೈ ಎಂದೇ ಹೆಸರು, ಆದರೆ ಸಪ್ಲೈಯರ್‌ಗಳೆಲ್ಲ ಅವರ ಮಾತಿಗೇ ಮಾಲು ಕಳಿಸುವವರು. ನನಗೆ ಆಗ ನೆನಪಾದವನು ಸರ್ರೆಯ ಅರ್ಲ್ ಎಂಬ ಬಿರುದಿನ ಸರದಾರ ಥಾಮಸ್ ಹೊವಾರ್ಡ್. ಬಾಸ್‌ವರ್ತ್‌ನಲ್ಲಿ ರಿಚರ್ಡ್‌ನ ಕಡೆ ಕಾದಾಡಿ ಸೆರೆಸಿಕ್ಕ. ಅವನ ತಂದೆ ಅಲ್ಲೇ ಮಡಿದ. 1489ರಲ್ಲಿ ಹೆನ್ರಿ ಅವನನ್ನು ಲಂಡನ್ ಟವರ್‌ನ ಸೆರೆಯಿಂದ ಬಿಡಿಸಿ, ದಂಗೆಯೆದ್ದಿದ್ದ ಉತ್ತರಕ್ಕೆ ಕಳಿಸಿದ. ಬಿರುದು ಮರಳಿತು, ಜಮೀನು ಮಾತ್ರ ಕಂತಿನಲ್ಲಿ, ಕೆಲಸ ನೋಡಿಕೊಂಡು. 1501ರಲ್ಲಿ ಅವನೇ ರಾಜ್ಯದ ಖಜಾಂಚಿ. ಅತ್ತ, ಬಾಸ್‌ವರ್ತ್‌ನಲ್ಲಿ ಕೊನೆ ಗಳಿಗೆಗೆ ನುಗ್ಗಿ ಹೆನ್ರಿಯನ್ನು ಗೆಲ್ಲಿಸಿದ ವಿಲಿಯಂ ಸ್ಟ್ಯಾನ್ಲಿಯ ತಲೆ 1495ರಲ್ಲೇ ದ್ರೋಹದ ಆರೋಪಕ್ಕೆ ಉರುಳಿತ್ತು. ನಮ್ಮ ಮ್ಯಾನೇಜರ್‌ಗೂ ಹೊವಾರ್ಡ್‌ಗೆ ಮಾಡಿದ ಹಾಗೇ ಮಾಡಿದೆವು: ಹುದ್ದೆ ಅದೇ, ಸಹಿ ಹಾಕುವ ಮಿತಿ ಮೊದಲು ತೀರಾ ಕಡಿಮೆ, ಆಮೇಲೆ ಹಂತಹಂತವಾಗಿ ಏರಿಕೆ.

ಯಜಮಾನರು ಇನ್ನೊಂದು ಹಟ ಹಿಡಿದರು: ಎಲ್ಲರಿಂದ ಮುಚ್ಚಳಿಕೆ, ತಪ್ಪಿದರೆ ಇಷ್ಟು ದಂಡ. ಹೆನ್ರಿಯೂ ಕೊನೆಗಾಲದಲ್ಲಿ ದೊಡ್ಡ ಮನೆತನಗಳಿಂದ ಹೀಗೇ ಬರೆಸಿಕೊಂಡೇ ಬರೆಸಿಕೊಂಡ. 1509ರಲ್ಲಿ ಅವನು ಹಾಸಿಗೆಯಲ್ಲಿ ಸತ್ತ. ವಸೂಲಿಗೆ ನಿಂತಿದ್ದ ಎಂಪ್ಸನ್, ಡಡ್ಲಿ ಇಬ್ಬರ ತಲೆಯನ್ನು ಮಗ ಎಂಟನೇ ಹೆನ್ರಿ ಮರುವರ್ಷ ತೆಗೆಸಿದ. (ಎಚ್‌ಆರ್‌ನವರು ಇದನ್ನು ಓದಿಕೊಂಡಿರುವುದು ಒಳ್ಳೆಯದು.) ಕೊನೆಗೆ ಮುಚ್ಚಳಿಕೆ ಬರೆಸಿಕೊಂಡೆವು, ದಂಡದ ಸಾಲು ಹೊಡೆದುಹಾಕಿ.