ಸಾಲು ಹಾರಿಸಿದರೆ ಗೊತ್ತಾಗುತ್ತಿತ್ತು

ಕೊಪ್ಪಳದಲ್ಲಿ ನಾನು ಬಿ.ಎ. ಓದಿದ್ದು 2011ರಿಂದ 2014ರವರೆಗೆ. ಆಗ ನಮಗೆ ಕನ್ನಡ ಕಲಿಸಿದ ಸರ್‌ಗೆ ಹುಟ್ಟಿನಿಂದಲೇ ಕಣ್ಣು ಕಾಣುತ್ತಿರಲಿಲ್ಲ. ಹೆಸರು ಬರೆಯುವುದಿಲ್ಲ. ಆ ವರ್ಷಗಳವರಿಗೆ ಹೇಳಬೇಕಾಗಿಲ್ಲ, ಅವರಿಗೂ ಅದು ಇಷ್ಟವಿಲ್ಲ.

ಹೊಸ ಹುಡುಗರು ಮೆಟ್ಟಿಲ ಹತ್ತಿರ ಅವರ ಕೈ ಹಿಡಿದು ಎಳೆಯುತ್ತಿದ್ದರು. "ತಮ್ಮಾ, ನೀ ನನ್ನ ಹಿಡಿಬ್ಯಾಡ, ನಾನ ನಿನ್ನ ಮೊಣಕೈ ಹಿಡಿತೀನಿ. ನೀ ಅರ್ಧ ಹೆಜ್ಜಿ ಮುಂದ ನಡಿ" ಎನ್ನುತ್ತಿದ್ದರು. ಅಷ್ಟೇ ಪಾಠ.

ನಮಗೆ ಹೆದರಿಕೆಯಿದ್ದದ್ದು ಪ್ರಬಂಧದ ದಿನ. ಬರೆದದ್ದನ್ನು ಎದ್ದು ನಿಂತು ಓದಬೇಕು, ಅವರು ಕೇಳುತ್ತಲೇ ತಿದ್ದಬೇಕು. "ಉಸುರು ಸಾಲವಲ್ದಲ್ಲಪಾ, ಅದನ್ನ ಎರಡು ವಾಕ್ಯ ಮಾಡು." "ಯಾವ ಷ ಬರ್ದಿ?" ಮಹಾಪ್ರಾಣ ನುಂಗಿದರೆ ಮತ್ತೆ ಓದಿಸುತ್ತಿದ್ದರು. ತಪ್ಪಿಸಿಕೊಳ್ಳಲು ಯಾರಾದರೂ ಸಾಲು ಹಾರಿಸಿದರೆ, ಮಾತಿನ ಕೊಂಡಿ ಕಳಚಿದ್ದು ತಕ್ಷಣ ಸಿಕ್ಕಿಬೀಳುತ್ತಿತ್ತು. ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಯನ್ನು ಯಾರು ತೆರೆದು ನೋಡುತ್ತಾರೆ? ಇಲ್ಲಿ ನಮ್ಮ ಬಾಯಿಂದಲೇ ನಮ್ಮ ವಾಕ್ಯ ಕುಂಟುವುದು ನಮಗೇ ಕೇಳುತ್ತಿತ್ತು.

ಸಮಾರಂಭಗಳಲ್ಲಿ ಮಾತ್ರ ಅವರಿಗೆ ಒಂದು ಕಾಟ. "ಸರ್, ಒಂದು ವಚನ ಹಾಡ್ರಿ." ಕಣ್ಣಿಲ್ಲದ ಗಾಯಕ ಪುಟ್ಟರಾಜ ಗವಾಯಿಗಳ ಪುಣ್ಯಾಶ್ರಮವಿರುವ ಗದಗ ಪಕ್ಕದಲ್ಲೇ ಇರುವಾಗ ನಮ್ಮ ಕಡೆ ಕಣ್ಣಿಲ್ಲದವರು ಹಾಡುಗಾರರೇ ಆಗಿರಬೇಕೆಂದು ಜನರ ನಂಬಿಕೆ. ಸರ್‌ಗೆ ಸಂಗೀತ ಬರುತ್ತಿರಲಿಲ್ಲ. "ನಾ ಹಾಡಿದ್ರ ಪುಣ್ಯಾಶ್ರಮದ ಹೆಸರು ಕೆಡತೈತಿ" ಎಂದು ಕುಳಿತುಬಿಡುತ್ತಿದ್ದರು.

ಅವರದ್ದು ಗದ್ಯ. ಹಾಳೆಯನ್ನು ಬ್ರೈಲ್ ಸ್ಲೇಟಿಗೆ ಸಿಕ್ಕಿಸಿ, ಬಲದಿಂದ ಎಡಕ್ಕೆ ಚುಕ್ಕೆ ಚುಚ್ಚಿ, ತಿರುವಿಹಾಕಿ ಎಡದಿಂದ ಬಲಕ್ಕೆ ಬೆರಳಾಡಿಸುತ್ತಿದ್ದರು. ಬ್ರೈಲ್ ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಕೂರುವುದಿಲ್ಲ, ಎಲ್ಲವೂ ಒಂದೇ ಸಾಲಿನಲ್ಲಿ. ಗವಿಮಠದ ಜಾತ್ರೆಯ ಬಗ್ಗೆ ಬರೆದಾಗ ತೇರಿನ ಬಣ್ಣ ಇರಲಿಲ್ಲ. ದಾಸೋಹಕ್ಕೆ ಹಳ್ಳಿಗಳಿಂದ ಬಂದ ಒಣ ರೊಟ್ಟಿಯ ಚೀಲಗಳನ್ನು ಇಳಿಸುವ ಸಪ್ಪಳವಿತ್ತು. ನಾವು ಪ್ರತಿವರ್ಷ ಹೋಗುವವರಿಗೂ ಅದು ಹೊಸದು.

ಪಗಾರದ ಬ್ಯಾಂಕಿನಲ್ಲಿ ಚೆಕ್ ಬುಕ್ ಕೇಳಿದರೆ ಸಾಕ್ಷಿ ತನ್ನಿ, ಹೆಬ್ಬೆಟ್ಟು ಒತ್ತಿ ಎನ್ನುತ್ತಿದ್ದರಂತೆ. ಕಣ್ಣು ಕಾಣದವರಿಗೂ ಭೇದವಿಲ್ಲದೆ ಚೆಕ್ ಬುಕ್, ಎಟಿಎಂ ಕೊಡಬೇಕೆಂದು ರಿಸರ್ವ್ ಬ್ಯಾಂಕು 2008ರ ಜೂನಿನಲ್ಲೇ ಸುತ್ತೋಲೆ ಹೊರಡಿಸಿತ್ತು. ಅದರ ಜೆರಾಕ್ಸ್ ಸದಾ ಅವರ ಚೀಲದಲ್ಲಿರುತ್ತಿತ್ತು.

ಆಮೇಲೆ ಎನ್‌ವಿಡಿಎ ಬಂತು. ಪರದೆಯ ಅಕ್ಷರವನ್ನು ಓದಿಹೇಳುವ ಉಚಿತ ತಂತ್ರಾಂಶ. ಕನ್ನಡವನ್ನೂ ಓದುತ್ತದೆ, ಧ್ವನಿ ತುಸು ಕರ್ಕಶ. ಆದರೆ ಪತ್ರಿಕೆಗಳಿಂದ ಬರುತ್ತಿದ್ದ ಕರಡು ಕನ್ನಡ ಟೈಪಿಂಗಿನ ಹಳೆಯ ‘ನುಡಿ’ಯ ಆಸ್ಕಿ ಫಾಂಟಿನಲ್ಲಿ. ಕಣ್ಣಿಗೆ ಕನ್ನಡ, ಒಳಗೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆ. ತಂತ್ರಾಂಶ ಅದನ್ನೇ ಬಡಬಡಿಸುತ್ತಿತ್ತು. ತಾವೇ ಬರೆದ ಲೇಖನ ತಮಗೇ ಓದಲಾಗದೆ ನನ್ನನ್ನು ಕರೆಸುತ್ತಿದ್ದರು. ಅಲ್ಪವಿರಾಮವನ್ನೂ ಬಾಯಿಬಿಟ್ಟು ಹೇಳುತ್ತಾ ಓದಬೇಕಿತ್ತು.

ಸಂಪಾದಕರಲ್ಲಿ ಒಂದು ಬಿನ್ನಹ. ಈ ಸಂಚಿಕೆಯ ಮುದ್ರಿತ ಪ್ರತಿಯನ್ನು ಸರ್‌ಗೆ ಅಂಚೆಯಲ್ಲಿ ಕಳಿಸುವ ಜೊತೆಗೆ ಎನ್‌ವಿಡಿಎ ಓದಬಲ್ಲ ಯೂನಿಕೋಡ್ ಕಡತವನ್ನೂ ಇಮೇಲ್ ಮಾಡಿ. ಸ್ಕ್ಯಾನ್ ಮಾಡಿದ ಪಿಡಿಎಫ್ ಬೇಡ, ಅದು ಬರೀ ಚಿತ್ರ, ಓದುವುದಿಲ್ಲ.