ಮೊದಲು ಟೆಸ್ಟ್ ಫೇಲ್ ಆಗಬೇಕು

ವೆಬ್‌ಸೈಟ್ ಕಟ್ಟಲು ಬಳಸುವ, ಯಾರು ಬೇಕಾದರೂ ಕೋಡ್ ತಿದ್ದಿ ಕಳಿಸಬಹುದಾದ ಜ್ಯಾಂಗೊ ಫ್ರೇಮ್‌ವರ್ಕ್‌ಗೆ ಒಂದು ಬಗ್ ಫಿಕ್ಸ್ ಕಳಿಸೋಣ ಅಂತ ಒಂದು ಭಾನುವಾರ ಕೂತೆ. ಫಾರ್ಮ್‌ಸೆಟ್‌ನಲ್ಲಿ (ಒಂದೇ ಪುಟದಲ್ಲಿ ಬರುವ ಒಂದೇ ಥರದ ಹಲವು ಫಾರ್ಮ್‌ಗಳ ಗುಂಪು) ಒಂದು ಸಾಲು ಅಳಿಸಿದರೆ ಎರರ್ ಮೆಸೇಜ್ ಬೇರೆ ಸಾಲಿನ ಪಕ್ಕ ಬರುತ್ತಿತ್ತು. ತಿದ್ದಬೇಕಾದ ಕೋಡ್ ತುಂಬ ಕಡಿಮೆ, ಆದರೂ ಇಡೀ ದಿನ ಹಿಡಿಯಿತು. ಆ ದಿನ ಕಲಿತದ್ದು ಈಗಲೂ ಕೆಲಸಕ್ಕೆ ಬರುತ್ತಿದೆ.

ಅಲ್ಲಿ ಕೋಡ್ ಮುಟ್ಟುವ ಮೊದಲು ಟಿಕೆಟ್, ಅಂದರೆ ಸಮಸ್ಯೆ ಏನು ಅಂತ ಬರೆದ ದಾಖಲೆ, ಇರಬೇಕು. ಡಾಕ್ಯುಮೆಂಟೇಶನ್‌ನಲ್ಲಿ ಅಕ್ಷರ ತಪ್ಪು ತಿದ್ದುವಂಥ ಸಣ್ಣ ಕೆಲಸಕ್ಕೆ ಬೇಡ. ಟಿಕೆಟ್ ಹಾಕಿದರಷ್ಟೇ ಸಾಲದು, ಇದು ನಿಜವಾಗಿಯೂ ಬಗ್ ಅಂತ ಬೇರೊಬ್ಬರು ನೋಡಿ ಒಪ್ಪಿರಬೇಕು. ಈ ಫಾರ್ಮ್‌ಸೆಟ್ ಟಿಕೆಟ್ ಒಪ್ಪಿಗೆಯಾಗಿತ್ತು, ಯಾರೂ ಕೈಗೆತ್ತಿಕೊಂಡಿರಲಿಲ್ಲ. ನನ್ನ ಹೆಸರಿಗೆ ಹಾಕಿಕೊಂಡೆ.

ನನಗೆ ಜಾಸ್ತಿ ಇಷ್ಟವಾದ ನಿಯಮ ಟೆಸ್ಟಿನದು. ಬಗ್ ಸರಿಮಾಡಿದರೆ ಜೊತೆಗೆ ಅದನ್ನು ಪರೀಕ್ಷಿಸುವ ಪುಟ್ಟ ಕೋಡ್, ಅಂದರೆ ಟೆಸ್ಟ್, ಕೊಡಲೇಬೇಕು, ಅದು ಹಳೇ ಕೋಡ್‌ನಲ್ಲಿ ಫೇಲ್ ಆಗಿ ಹೊಸ ಕೋಡ್‌ನಲ್ಲಿ ಪಾಸ್ ಆಗಬೇಕು. ಹಾಗಾಗಿ ಮೊದಲು ಟೆಸ್ಟೇ ಬರೆದೆ. ಬರೆಯುತ್ತಾ ಬರೆಯುತ್ತಾ, ಸಾಲು ಅಳಿಸಿದಾಗ ಮಾತ್ರವಲ್ಲ, ಮಧ್ಯದ ಸಾಲನ್ನು ಸುಮ್ನೆ ಖಾಲಿ ಬಿಟ್ಟರೂ ಅದೇ ಗೋಳು ಅಂತ ಕಾಣಿಸಿತು. ಟಿಕೆಟ್‌ನಲ್ಲಿ ಆ ಮಾತೇ ಇರಲಿಲ್ಲ! ನೇರವಾಗಿ ಕೋಡ್ ತಿದ್ದಿದ್ದರೆ ಅರ್ಧ ಬಗ್ ಅಲ್ಲೇ ಉಳಿಯುತ್ತಿತ್ತು.

ಟೆಸ್ಟ್ ಓಡಿಸುವುದು ಕಷ್ಟವಲ್ಲ. ಡೀಫಾಲ್ಟ್ ಆಗಿ ಎಸ್‌ಕ್ಯೂಲೈಟ್ ಬಳಸುವುದರಿಂದ ಬೇರೆ ಡೇಟಾಬೇಸ್ ಹಾಕಿಕೊಳ್ಳಬೇಕಿಲ್ಲ. ಒಟ್ಟು ಟೆಸ್ಟ್‌ಗಳು ಸಾವಿರಗಟ್ಟಲೆ ಇವೆ, ಅದಕ್ಕೇ ಮೊದಲು ಫಾರ್ಮ್‌ಗೆ ಸಂಬಂಧಪಟ್ಟವನ್ನಷ್ಟೇ ಓಡಿಸಿ, ಆಮೇಲೆ ಎಲ್ಲವನ್ನೂ ಓಡಲು ಬಿಟ್ಟೆ. ಸ್ಪೇಸ್, ಕೋಟ್ ಮಾರ್ಕ್ ಬಗ್ಗೆ ವಾದವೇ ಇಲ್ಲ, 2022ರಿಂದ ಅದನ್ನೆಲ್ಲ ಬ್ಲ್ಯಾಕ್ ಅನ್ನೋ ಫಾರ್ಮ್ಯಾಟರ್ ನೋಡಿಕೊಳ್ಳುತ್ತದೆ.

ಬದಲಾವಣೆಯ ಜೊತೆ ಬರೆಯುವ ಟಿಪ್ಪಣಿಗೂ, ಅಂದರೆ ಕಮಿಟ್ ಮೆಸೇಜ್‌ಗೂ, ಕ್ರಮವಿದೆ: 'ಫಿಕ್ಸ್ಡ್' ಅಂತ ಶುರುಮಾಡಿ ಟಿಕೆಟ್ ನಂಬರ್ ಹಾಕಬೇಕು, ಮಾಡಿದ್ದನ್ನು ಭೂತಕಾಲದಲ್ಲಿ ಹೇಳಬೇಕು, ಕೊನೆಗೊಂದು ಚುಕ್ಕೆ. ಅತಿಯಾಯ್ತು ಅನ್ನಿಸಬಹುದು. ಆದರೆ ಎಷ್ಟೋ ವರ್ಷದ ನಂತರ ಈ ಸಾಲು ಯಾಕಿದೆ ಅಂತ ಹುಡುಕುವವರು ಆ ನಂಬರ್ ಹಿಡಿದೇ ಹಳೇ ಚರ್ಚೆಗೆ ಹೋಗುತ್ತಾರೆ. ನಾನೇ ಅವತ್ತು ಬೆಳಿಗ್ಗೆ ಹಾಗೆ ಹೋಗಿದ್ದೆ.

ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ, ಅಂದರೆ ಪುಲ್ ರಿಕ್ವೆಸ್ಟ್, ಹಾಕಿದೆ. ನಮ್ಮ ಪ್ಯಾಚ್ (ತಿದ್ದಿದ ಕೋಡ್) ರೆಡಿ ಅಂತ ನಾವೇ ಗುರುತು ಹಾಕುವಂತಿಲ್ಲ, ಇನ್ನೊಬ್ಬರು ರಿವ್ಯೂ ಮಾಡಬೇಕು. ಆ ಇನ್ನೊಬ್ಬರು ಯಾರು ಬೇಕಾದರೂ ಆಗಬಹುದು, ಅಲ್ವಾ? ಕಾಯುತ್ತಾ ಕೂರುವ ಬದಲು ಬೇರೆಯವರ ಪ್ಯಾಚ್ ಒಂದನ್ನು ಇಳಿಸಿಕೊಂಡು, ಫಿಕ್ಸ್ ತೆಗೆದು, ಟೆಸ್ಟ್ ಮಾತ್ರ ಓಡಿಸಿದೆ. ಆಗಲೂ ಪಾಸ್ ಆಯಿತು. ಅಂದರೆ ಆ ಟೆಸ್ಟ್ ಬಗ್ ಇದ್ದ ಜಾಗ ಮುಟ್ಟುತ್ತಲೇ ಇರಲಿಲ್ಲ. ಯಾವ ಇನ್‌ಪುಟ್ ಕೊಟ್ಟರೆ ಫೇಲ್ ಆಗುತ್ತದೆ ಅಂತ ಹುಡುಕಿ ಅವರಿಗೆ ಬರೆದೆ, ಮಲಗುವ ಹೊತ್ತಿಗೆ ಅವರು ಟೆಸ್ಟ್ ಬದಲಿಸಿದ್ದರು.